ಬಸ್ಸು ಬರುತ್ತದೆ ಎಂದು ಬರೆದವಳು

ಚಿಕ್ಕಮರಡಿ, ಮುಂಡರಗಿ ತಾಲೂಕು
೧೨ ಜುಲೈ ೨೦೨೪

ಪ್ರೀತಿಯ ಕಾವೇರಿ,

ಲಕ್ಷ್ಮೇಶ್ವರದ ನೀರು ಒಗ್ಗಿತೇ? ಕೆಮ್ಮು ಹೋಯಿತೇ? ನಿನ್ನ ಸೋದರತ್ತೆ ಹನಮಂತವ್ವನವರ ಮಂಡಿನೋವು ಹೇಗಿದೆ? ಇಲ್ಲಿ ಎಲ್ಲರೂ ಆರಾಮ. ನಿನ್ನ ಅಣ್ಣನ ಮಗಳು ಭಾಗ್ಯಾ ಈಗ ಅಂಬೆಗಾಲಿಟ್ಟು ನಿನ್ನ ಪುಸ್ತಕದ ಗೂಡಿನವರೆಗೂ ಹೋಗುತ್ತಾಳೆ. ನನಗೆ ನಿದ್ದೆಯಿಲ್ಲ. ಕೂಸಿನ ಕಾಟವೆಂದು ಅತ್ತೆಯವರು ತಿಳಿದಿದ್ದಾರೆ. ಕೂಸು ಮಲಗಿದರೂ ನನಗೆ ಕಣ್ಣು ಹತ್ತುವುದಿಲ್ಲ. ಯಾಕೆಂದು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ಹೋದ ವರ್ಷ ಭಾಗ್ಯಾ ಹೊಟ್ಟೆಯಲ್ಲಿದ್ದಾಗ ಊರಿನ ವಿವರ ತುಂಬುವ ಫಾರ್ಮು ಬಂದಿತ್ತು. ಬಿ.ಎ. ಓದಿದ ಸೊಸೆ ಎಂದು ಪಂಚಾಯ್ತಿಯವರು ನನಗೇ ಒಪ್ಪಿಸಿದರು. ೧೮೬ ಮನೆ, ೯೧೪ ಜನ. ದುಡಿಯಲು ಗೋವಾಕ್ಕೆ ಹೋದವರನ್ನು ಬೇರೆ ಹಾಳೆಯಲ್ಲಿ ಬರೆದೆ, ತೊಟ್ಟಿಲ ಕೂಸುಗಳನ್ನೂ ಬಿಡಲಿಲ್ಲ. ಅಷ್ಟು ನಿಯತ್ತು ನನ್ನದು. ‘ಊರೊಳಗೆ ಬಸ್ಸು ಬರುತ್ತದೆಯೇ’ ಎಂಬಲ್ಲಿ ಮಾತ್ರ ಕೈ ನಿಂತಿತು. ಎದುರಿಗೇ ಮಾವನವರು ಕೂತಿದ್ದರು. “ಐತಿ ಅಂತ ಬರಿಯವ್ವಾ. ಬಸ್ಸಿಲ್ಲದ ಊರು ಅಂತ ಸರಕಾರದ ಕಾಗದದಾಗ ಬಿದ್ದರ ನಮ್ಮ ಹುಡುಗರಿಗೆ ಹೆಣ್ಣು ಕೊಡವ್ರು ಯಾರು? ಕ್ರಾಸಿಗೆ ಬರತೈತಲ್ಲ, ಕ್ರಾಸ್ ಏನು ಪರದೇಶದಾಗ ಐತೇನು?” ಎಂದರು. ಮೂರು ಕಿಲೋಮೀಟರು ಎರೆಮಣ್ಣಿನ ದಾರಿ, ಪರದೇಶವಲ್ಲ ನಿಜ. ನಾನು ‘ಹೌದು’ ಎಂದು ಬರೆದೆ. ಮಾವನವರ ಮೇಲೆ ಹಾಕಿ ಪಾರಾಗಲಾರೆ, ಪೆನ್ನು ನನ್ನ ಕೈಯಲ್ಲಿತ್ತು. ಗದಗಿನ ಗೆಳತಿಯರಿಗೂ ಹುಲಕೋಟಿಯ ತವರಿನವರಿಗೂ ನಾನೇ ಬಸ್ಸು ಮನೆಮುಂದೆ ನಿಲ್ಲುತ್ತದೆ ಎಂದು ಹೇಳಿಕೊಂಡವಳು. ಆ ಒಂದು ಮಾತಿಗೆ ನನಗೂ ಆಸೆಯಿತ್ತು.

ಬಸ್ಸು ಬೇಕೆಂದು ನೀವು ಹುಡುಗಿಯರು ಮನೆಮನೆ ತಿರುಗಿ ಸಹಿ ಮಾಡಿಸಿದಿರಿ. ಆಚೆಮನೆಯ ನೀಲಗಂಗವ್ವ, “ಹೆಂಗಸರಿಗೆ ಟಿಕೇಟು ಪುಕ್ಕಟ ಆತು, ಇನ್ನ ಬಸ್ಸು ಒಂದು ಬರೂದು ಬಾಕಿ ನೋಡು” ಎನ್ನುತ್ತಲೇ ಹೆಬ್ಬೆಟ್ಟು ಒತ್ತಿದ್ದಳು. ಯುಗಾದಿ ಮುಗಿದ ವಾರ ಬಸ್ ಡಿಪೋದಿಂದ ಉತ್ತರ ಬಂತು: ದಾಖಲೆಯಂತೆ ನಿಮ್ಮ ಗ್ರಾಮಕ್ಕೆ ಬಸ್ ಸೌಲಭ್ಯ ಇದೆ. ನಾನು ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ. ನೀನು ಓಡಿ ಬಂದು ಕೇಳಿದೆ, “ವೈನಿ, ಯಾರು ಬರದಾರ ಇದನ್ನ? ಕಣ್ಣಿಲ್ಲೇನು ಅವರಿಗೆ?” ನಾನು ತೊಟ್ಟಿಲ ಕಡೆ ಮುಖ ತಿರುಗಿಸಿದೆ. ಕಾಲೇಜು ಶುರುವಾಗುವ ಮುಂಚೆ ಮಾವನವರು, “ಮಳ್ಯಾಗ ಹುಡುಗಿ ಅಷ್ಟು ದೂರ ನಡಿಯೂದು ಬ್ಯಾಡ, ಕಲಿತದ್ದು ಸಾಕು” ಎಂದು ನಿನ್ನನ್ನು ಲಕ್ಷ್ಮೇಶ್ವರಕ್ಕೆ ಕಳಿಸಿದರು. ಆಗಲೂ ನಾನು ಮಾಡಿದ್ದಿಷ್ಟೇ: ನಿನ್ನ ಚೀಲಕ್ಕೆ ಶೇಂಗಾ ಹೋಳಿಗೆ ಕಟ್ಟಿಕೊಟ್ಟೆ. ನೀನು ನನ್ನ ಕೈ ಹಿಡಿದು, “ನೀವೊಬ್ಬರರ ನನ್ನ ಪರ ಇದ್ದೀರಿ” ಅಂದೆಯಲ್ಲ, ಅದೇ ಮಾತು ನನ್ನನ್ನು ಮಲಗಗೊಡುವುದಿಲ್ಲ.

ಬೈಯುವುದಿದ್ದರೆ ಬೈದು ಬರೆ. ಹನಮಂತವ್ವನವರಿಗೆ ನನ್ನ ನಮಸ್ಕಾರ. ನಿನಗೆ ಭಾಗ್ಯಾಳ ಎರಡು ಹಲ್ಲಿನ ಮುತ್ತು.

ನಿನ್ನ ವೈನಿ,
ಮಮತಾ

ತಾ.ಕ.: ಫಕ್ರುಸಾಬರ ಟಂಟಂ ಆಟೋ ಹೊರಟಿದೆ, ಕಾಗದ ಅವರ ಕೈಯಲ್ಲೇ ಟಪಾಲಿಗೆ ಕೊಡಬೇಕು. ಮೊನ್ನೆ ಬುಧವಾರ ಪಂಚಾಯ್ತಿಗೆ ಹೋಗಿ, ಅದು ತಪ್ಪು, ಬರೆದವಳು ನಾನು ಎಂದು ಸಹಿ ಮಾಡಿ ಕೊಟ್ಟೆ. ಅಂದಿನಿಂದ ಮಾವನವರು ನನ್ನ ಕೈಯ ಚಹಾ ಮುಟ್ಟಿಲ್ಲ. ಹೊಸ ಅರ್ಜಿಗೆ ದಿನಾ ಕಾಲೇಜಿಗೆ ಹೋಗುವ ಹುಡುಗಿಯರ ಪಟ್ಟಿ ಕೇಳಿದರು. ಹನ್ನೊಂದು ಹೆಸರು ಬರೆದೆ, ಮೊದಲನೆಯದು ನಿನ್ನದು. ಈ ತಿಂಗಳ ಕೊನೆಯವರೆಗೆ ಕಾಲೇಜಿನಲ್ಲಿ ನಿನ್ನ ಹೆಸರು ತೆಗೆಯುವುದಿಲ್ಲವಂತೆ, ವಿಚಾರಿಸಿದ್ದೇನೆ. ಬಸ್ಸು ಬರುವ ತನಕ ಕೂಸನ್ನು ಬಗಲಲ್ಲಿಟ್ಟುಕೊಂಡು ನಾನೇ ನಿನ್ನೊಂದಿಗೆ ಕ್ರಾಸಿನವರೆಗೆ ನಡೆಯುತ್ತೇನೆ. ಇಪ್ಪತ್ತೆರಡಕ್ಕೆ ಡಿಪೋದ ಸಾಹೇಬರು ಊರಿಗೇ ಬಂದು ಒಂದೊಂದೇ ಹೆಸರು ಕೂಗಿ ನೋಡುತ್ತಾರೆ. ಬಾ ಕಾವೇರಿ. ನಿನ್ನ ಹೆಸರು ಕೂಗಿದಾಗ ನಾನು ಮತ್ತೆ ತೊಟ್ಟಿಲ ಕಡೆ ತಿರುಗುವಂತಾಗಬಾರದು.