ಸುದ್ದಿ ಇಲ್ಲದ ಓಟ

೧೨-೧-೧೯೮೬, ರವಿವಾರ

ಎರಡು ವರ್ಷದಿಂದ ಮುಚ್ಚಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ. ಪೊಲೀಸ್ ಭರ್ತಿಗೆ ತಯಾರಿ ಎಂದು ಊರಿಗೆಲ್ಲ ಹೇಳುತ್ತ ಬಂದಿದ್ದೇನೆ. ಸುಳ್ಳು. ಎಂಟನೇ ತರಗತಿಗೇ ಸಾಲಿ ಬಿಟ್ಟವನನ್ನು ಯಾವ ಪೊಲೀಸರು ಕರೆಯುತ್ತಾರೆ? ಸುಮ್ಮನೆ ಓಡುತ್ತೇನೆ. ಓಡದ ದಿನ ಮೈಯೊಳಗೆ ಇರುವೆ ಬಿಟ್ಟ ಹಾಗೆ. ಸುಮ್ಮನೆ ಎಂದರೆ ಯಾರೂ ನಂಬುವುದಿಲ್ಲ. ಅದಕ್ಕೇ ಪೊಲೀಸ್.

ಈಗೀಗ ರವಿವಾರಕ್ಕೊಮ್ಮೆ ಮಂಗಳೂರಿನ ದಾರಿ ಹಿಡಿಯುತ್ತೇನೆ. ಸಮುದ್ರದ ಮಂಗಳೂರಲ್ಲ, ನಮ್ಮ ಸೀಮೆಯದೇ ಹಳ್ಳಿ. ಅಕ್ಕ ಗಾಳೆಮ್ಮನ ಗಂಡನ ಮನೆ ಅಲ್ಲಿ. ಇವತ್ತು ಬಾವಿ ಹತ್ತಿರ ಒಬ್ಬ ಮುದುಕಿ ಕೊಡ ಇಳಿಸಿ ಕೇಳಿದಳು.

"ಯಾರು ಹೋದ್ರೋ ತಮ್ಮಾ?"

"ಯಾರೂ ಇಲ್ಲಬೇ."

"ಮತ್ತ್ಯಾಕ ಓಡಾಕ ಹತ್ತಿ? ವಾಲಿಕಾರ ದುರುಗಪ್ಪನ ಮಗ ಅಲ್ಲೇನು ನೀ?"

ಹೌದು. ಊರಲ್ಲಿ ಯಾರು ಸತ್ತರೂ ಸುತ್ತಲಿನ ಊರುಗಳ ನೆಂಟರಿಗೆ ಸುದ್ದಿ ಮುಟ್ಟಿಸುವುದು ಅಪ್ಪನ ಕೆಲಸ. ಆಯುಷ್ಯವೆಲ್ಲ ಓಡಿದ್ದಾನೆ. ಈ ಸೀಮೆಯಲ್ಲಿ ಓಡಿ ಬರುವವನೆಂದರೆ ಸಾವು. ಸುದ್ದಿ ತಂದವನು ಹೊಸ್ತಿಲು ದಾಟಬಾರದು, ಆ ಮನೆಯ ಹನಿ ನೀರು ಮುಟ್ಟಬಾರದು. ಅಪ್ಪ ಎಷ್ಟು ಸಲ ಬಾಯಾರಿ ಹಾಗೇ ತಿರುಗಿ ಬಂದಿದ್ದಾನೋ...

ಅಕ್ಕ ತಂಬಿಗೆ ತುಂಬ ಮಜ್ಜಿಗೆ ಕೊಟ್ಟಳು. ಕುಡಿದು ಮುಗಿಸುವವರೆಗೂ ನಗುತ್ತಿದ್ದಳು. "ನೀ ಓಡಿ ಬರೂದು ನೋಡಿ ನಮ್ಮತ್ತಿ ಅಳಾಕ ಸುರು ಮಾಡಿದ್ಲೋ! ತನ್ನ ತವರಮನಿಯಾಗ ಯಾರೋ ಹೋದ್ರಂತ."

೪-೨-೧೯೮೬

ನಾನು ಕೆಲಸಕ್ಕಿರುವ ಸೈಕಲ್ ಅಂಗಡಿಯಲ್ಲಿ ಪೇಪರ್ ಓದುವುದು ಮಾಲೀಕ ಯಂಕೋಬಣ್ಣ, ಪಂಕ್ಚರ್ ಹಾಕುವುದು ನಾನು. ಇವತ್ತು ಪೇಪರನ್ನು ನನ್ನ ಮುಖಕ್ಕೇ ಹಿಡಿದ.

"ಕಾಠ್ಮಂಡುದಾಗ ಮ್ಯಾರಥಾನ್ ಐತಂತಲೇ ಗ್ಯಾನ್ಯಾ. ಇಪ್ಪತ್ತಾರು ಮೈಲು. ಯಾರು ಬೇಕಾದ್ರೂ ಓಡಬಹುದಂತ."

"ಪರದೇಶ ಅಲ್ಲೇನಣ್ಣಾ? ಪಾಸ್‌ಪೋರ್ಟು?"

"ನೇಪಾಳಕ್ಕ ಎಂಥಾ ಪಾಸ್‌ಪೋರ್ಟು! ನಿನ್ನ ಮಾರಿ ತೋರಿಸಿದ್ರ ಸಾಕು. ಟಿಕೀಟು ನಾ ತೆಗಸ್ತೀನಿ. ಬೆನ್ನ ಮ್ಯಾಲೆ ನಮ್ಮ ಅಂಗಡಿ ಹೆಸರು ಬರಕೊಂಡು ಓಡು. ಅಲ್ಲೀ ಮಂದಿಗೂ ಪಂಕ್ಚರ್ ಆಗತಾವು."

ನಕ್ಕೆ. ಆಮೇಲೆ ನಗು ಬರಲಿಲ್ಲ. ಯಾರು ಹೋದರೆಂದು ಯಾರೂ ಕೇಳದ ಒಂದು ಊರು... ಅಲ್ಲಿ ಒಮ್ಮೆ ಓಡಬೇಕು. ಒಮ್ಮೆ ಸಾಕು.

೫-೨, ಸಂಜೆ

ಅಪ್ಪನಿಗೆ ನಿಜ ಹೇಳಿದೆ. ಪೊಲೀಸ್ ಭರ್ತಿ ಸುಳ್ಳು, ಸುಮ್ಮನೆ ಓಡುತ್ತೇನೆ, ಕಾಠ್ಮಂಡುವಿಗೂ ಓಡಲು ಹೋಗಬೇಕೆಂದಿದ್ದೇನೆ ಎಂದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಎಲೆ ಅಗಿಯುವುದು ನಿಲ್ಲಿಸಿದ.

"ನಾ ಒಮ್ಮೆನೂ ಸುಮ್ಮನ ಓಡಿಲ್ಲಪಾ. ಹೆಂಗಿರತೈತಿ?"

ಹೇಳಲು ಬರಲಿಲ್ಲ.

"ಹೋಗಿ ಬಾ," ಎಂದ. "ಬಂದ ಮ್ಯಾಲೆ ಹೇಳು."

೨೩-೩-೧೯೮೬

ಅಪ್ಪ ಹೋದ. ಬುಧವಾರ ಬೆಳಿಗ್ಗೆ. ಕಟ್ಟೆಯ ಮೇಲೆ ಬೇವಿನ ಕಡ್ಡಿ ಕಚ್ಚಿಕೊಂಡು ಕುಳಿತವನು ಏಳಲೇ ಇಲ್ಲ.

ವಾಲಿಕಾರನೇ ಸತ್ತರೆ ಸುದ್ದಿ ಒಯ್ಯುವವರು ಯಾರು? ಮಗ ಹೋಗಬಾರದು ಎಂದರು ಹಿರಿಯರು. ಅಕ್ಕನಿಗೆ ನನಗಿಂತ ಬೇಗ ಯಾರು ಮುಟ್ಟಿಸುತ್ತಾರೆ ಎಂದೆ. ಓಡಿದೆ.

ದಾರಿಯಲ್ಲಿ ಯಾರೂ ಏನೂ ಕೇಳಲಿಲ್ಲ. ನನ್ನನ್ನು ನೋಡಿ ನೋಡಿ ರೂಢಿಯಾಗಿದೆ. ಬಾವಿಯ ಮುದುಕಿ ಕೈ ಬೀಸಿದಳು. "ಓಡು ಪೊಲೀಸಪ್ಪಾ, ಓಡು!"

ಅಕ್ಕ ಬಾಗಿಲಲ್ಲೇ ಇದ್ದಳು. "ಬುಧವಾರನೂ ಬಂದೆಲ್ಲೋ! ಮಜ್ಜಿಗಿ ರುಚಿ ಹತ್ತೈತಿ ನಿನಗ." ಒಳಗೆ ಹೋಗಿ ತಂಬಿಗೆ ತಂದಳು. ನಾನು ಅಂಗಳದಲ್ಲೇ ನಿಂತಿದ್ದೆ.

"ತಗೋ."

ಕೈ ಚಾಚಲಿಲ್ಲ.

"ತಗೊಳ್ಳೋ, ನಾಚಿಕಿ ಏನು?" ಇನ್ನೂ ನಗುತ್ತಿದ್ದಳು. ಆಮೇಲೆ ನನ್ನ ಕೈ ನೋಡಿದಳು. ಹೊಸ್ತಿಲು ನೋಡಿದಳು. ತಂಬಿಗೆ ಬಿತ್ತು.

ಮಣ್ಣಾದ ಮೇಲೆ ಅಂದಳು: "ಅಪ್ಪ ಸತ್ತ ಸುದ್ದಿ ಬಾಗಲಕ್ಕ ಬಂದು ನಿಂತಿತ್ತು, ನಾ ನಕ್ಕೀನಿ. ನಿನ್ನ ಓಟದ ಸಲುವಾಗಿ. ಇನ್ನ ನಮ್ಮ ಮನಿಗೆ ಓಡಿ ಬರಬ್ಯಾಡ."

ಅವಳು ಅಂದದ್ದು ನಿಜ.

೧೭-೪

ಅಂದಿನಿಂದ ಓಡಿಲ್ಲ. ಯಂಕೋಬಣ್ಣ ಇವತ್ತು ಟಿಕೀಟು ತಂದು ಕೈಗಿಟ್ಟ. ಹೋಗದಿದ್ದರೆ ಅಪ್ಪ ಕೇಳಿದ್ದಕ್ಕೆ ಉತ್ತರವಿಲ್ಲ. ಹೋದರೆ ಉತ್ತರ ಕೇಳಲು ಅಪ್ಪ ಇಲ್ಲ.

ಸಂಜೆ ಕಾಲು ತಾನೇ ಎದ್ದು ಹೊಲದ ದಾರಿ ಹಿಡಿಯಿತು.

೧೦-೫-೧೯೮೬, ಕಾಠ್ಮಂಡು

ಓಡಿದೆ. ಕೊನೆಯ ಮೈಲುಗಳಲ್ಲಿ ಅರ್ಧ ನಡೆದೆ. ಪೂರ್ತಿ ಓಡಿದೆ ಎಂದರೆ ಸುಳ್ಳಾಗುತ್ತದೆ. ಬರೀ ಏರು, ಇಳುಕಲು. ನಮ್ಮ ಎರೆ ಹೊಲದ ಕಾಲಿಗೆ ಏರು ಗೊತ್ತಿಲ್ಲ. ಬೆನ್ನ ಮೇಲೆ ಯಂಕೋಬಣ್ಣನ ಅಂಗಡಿ ಹೆಸರು, ಓದಬಲ್ಲವರು ಒಬ್ಬರೂ ಇಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು.

ಯಾರೂ ಕೇಳಲಿಲ್ಲ. ಇದನ್ನೇ ಅಲ್ಲವೇ ಬಯಸಿದ್ದು. ಆದರೆ ಇಟ್ಟಿಗೆ ಮನೆಗಳ ಒಂದು ಓಣಿಯಲ್ಲಿ, ಯಾರಾದರೂ ಕೇಳಬಾರದೇ ಅನಿಸಿತು. ಯಾರು ಹೋದ್ರೋ ತಮ್ಮಾ? ನಮ್ಮಪ್ಪ ಎಂದು ಹೇಳಿ ಮುಂದೆ ಓಡುತ್ತಿದ್ದೆ.

ಅದೇ ಓಣಿಯ ಕೊನೆಗೆ ಒಬ್ಬ ಹೆಂಗಸು ಬಾಗಿಲಲ್ಲಿ ನೀರು ಹಿಡಿದು ನಿಂತಿದ್ದಳು. ಅಕ್ಕನ ವಯಸ್ಸು. ನಿಂತೆ. ಕೈ ಏಳಲಿಲ್ಲ. ಅವಳು ಇನ್ನಷ್ಟು ಮುಂದಕ್ಕೆ ಚಾಚಿದಳು.

ಈ ಮನೆಗೆ ನಾನು ಯಾವ ಸುದ್ದಿಯನ್ನೂ ತಂದಿಲ್ಲ.

ಕುಡಿದೆ. ಮತ್ತೆ ತುಂಬಿಸಿಕೊಂಡು ಇನ್ನೊಮ್ಮೆ ಕುಡಿದೆ.

೧೧-೫

ಕಾಲು ಊದಿವೆ. ಹೆಂಗಿರತೈತಿ ಎಂದು ಕೇಳಿದ್ದೆಯಲ್ಲ ಅಪ್ಪಾ — ನೀರಡಿಸಿದರೆ ಕುಡಿಯಬಹುದು. ಅಷ್ಟೇ.

ಇದನ್ನು ಅಕ್ಕನಿಗೆ ಹೇಳಬೇಕು. ಮಂಗಳೂರಿಗೆ ನಡೆದೇ ಹೋಗುತ್ತೇನೆ. ಅಂಗಳದಲ್ಲಿ ನಿಲ್ಲುತ್ತೇನೆ. ತಂಬಿಗೆ ತರುತ್ತಾಳೋ, ಇಲ್ಲವೋ...

ನಾಳೆ ಬೆಳಿಗ್ಗೆ ಬಸ್ಸು. ಹೊರಡುತ್ತೇನೆ.