ಪಂಪು ಸರಿಯಾಗೇ ಇತ್ತು

ಹಾಸ್ಟೆಲ್, ಎರಡನೇ ಮಹಡಿ
ನವೆಂಬರ್ ೧೨, ಬುಧವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಹಾಸ್ಟೆಲ್ಲು ಮಾಡುವ ನಮಸ್ಕಾರ. ಭಾವ ಹೇಗಿದ್ದಾರೆ? ಪಾಪುಗೆ ಹಲ್ಲು ಬಂತಾ, ಇನ್ನೂ ಎಲ್ಲರ ಬೆರಳನ್ನೇ ಅಗಿಯುತ್ತಾನಾ? ರಜೆ ಮುಗಿಸಿ ಬಂದ ಕೂಡಲೇ ಬರೀತೀನಿ ಅಂದಿದ್ದೆ, ಬರೆಯಲಿಲ್ಲ. ಸಾರಿ ಅಕ್ಕ. ಶುರು ಮಾಡಿ ಹರಿದುಹಾಕಿದ್ದು ಎಷ್ಟೋ. ಫೋನಲ್ಲೇ ಹೇಳಿಬಿಡೋಣ ಅಂದರೆ ಈ ರೂಮಿನಲ್ಲಿ ನನ್ನದು ಬಿಟ್ಟು ಇನ್ನೂ ಮೂರು ಜೊತೆ ಕಿವಿ ಇವೆ. ಅದಕ್ಕೇ ಕಾಗದ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ಚಿಕ್ಕಂದಿನಿಂದ ಹಾಸ್ಟೆಲ್‌ನಲ್ಲಿ ಇಂಗ್ಲಿಷ್ ಕುಡಿಸಿ ಬೆಳೆಸಿ, ಮನೇಲಿ ಎಲ್ಲರೂ ನನ್ನ ಹೆಸರು ಬಿಟ್ಟು "ಹಾಸ್ಟೆಲ್ಲು" ಅಂತಲೇ ಕರೆದರೆ ಇಷ್ಟೇ ಆಗೋದು.

ಕಾಲೇಜು ಅದರ ಪಾಡಿಗೆ ಓಡ್ತಾ ಇದೆ, ನಾನು ಹಿಂದೆ ಹಿಂದೆ ಏದುಸಿರು ಬಿಡ್ತಾ ಇದ್ದೀನಿ. ಲ್ಯಾಬಿನಲ್ಲಿ ನಾನು ಕೈಯಿಟ್ಟ ಸರ್ಕ್ಯೂಟ್ ಒಂದೋ ಉಸಿರೇ ಬಿಡಲ್ಲ, ಇಲ್ಲಾ ಹೊಗೆ ಬಿಡುತ್ತೆ. ಮೊನ್ನೆ ಲ್ಯಾಬ್ ಮೇಡಂ ಪಾಪ ತುಂಬಾ ಸಮಾಧಾನವಾಗಿಯೇ, "ನೀನು ಸುಮ್ಮನೆ ನೋಡ್ತಾ ನಿಂತಿರಮ್ಮ, ಅದೂ ಒಂದು ಕಲಿಕೆನೇ" ಅಂದರು. ಪಕ್ಕದ ಟೇಬಲ್ಲಿನವರು ಕೆಮ್ಮಿದರು. ಇದನ್ನ ಯಾಕೆ ಹೇಳಿದೆ ಅಂದರೆ, ಮುಂದಿನದು ಅರ್ಥ ಆಗಬೇಕಾದರೆ ಇದು ಗೊತ್ತಿರಬೇಕು.

ಅಪ್ಪನ ಹೊಸ ಗಾಡಿ ವಿಷಯ ಅಮ್ಮ ನಿನಗೆ ಹೇಳಿರ್ತಾರೆ. ನಾನು ರಜೆಗೆ ಹೋದ ದಿನವೇ ಅಪ್ಪ ಡಿಕ್ಲೇರ್ ಮಾಡಿಬಿಟ್ಟರು. "ಬೆನ್ನಿಗೆ ಪಂಪು ಕಟ್ಟಿಕೊಂಡು ಏಣಿ ಹತ್ತಿ ಹೆಂಚಿನ ಪಾಚಿ ಕೆರೆಯೋ ಕಾಲ ಮುಗೀತು ಕಣೇ. ಇನ್ನು ಮೇಲೆ ನೆಲದ ಮೇಲೆ ನಿಂತು ಚಾವಣಿ ತೊಳೆಯೋದು. ಮಾಡರ್ನು!" ಕಂಪನಿಯವರು ಮಾರೋ ರೆಡಿಮೇಡ್ ಗಾಡಿ ನಮ್ಮಂಥವರಿಗಲ್ಲ. ಅದಕ್ಕೇ, ಜನರೇಟರ್ ಎಳೆದು ಸುಸ್ತಾಗಿದ್ದ ಎರಡು ಚಕ್ರದ ಟ್ರೇಲರ್ ಒಂದು ಗುಜರಿಯಿಂದ ಬಂತು. ಅದರ ಮೇಲೆ ಎರಡು ನೀಲಿ ಡ್ರಮ್ಮು, ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಪಾಚಿ ಸಾಯೋ ಔಷಧ. ಪೈಪು ಸುತ್ತೋಕೆ ಕೇಬಲ್ ಸುತ್ತಿ ಬರ್ತಿತ್ತಲ್ಲ, ಆ ಮರದ ಉರುಳೆ. ಹೊಲಕ್ಕೆ ಔಷಧ ಹೊಡೆಯೋ ಸಣ್ಣ ಬ್ಯಾಟರಿ ಪಂಪು. ಮೊದಲು ಡ್ರಮ್ಮುಗಳನ್ನ ತೀರಾ ಹಿಂದೆ ಕೂರಿಸಿದ್ದೆವು. ನೀರು ತುಂಬಿದ್ದೇ ತಡ, ಟ್ರೇಲರ್ ಮೂತಿ ಎತ್ತಿ ಆಕಾಶ ನೋಡಿತು. ಅಮ್ಮ ಬಾಗಿಲಲ್ಲಿ ನಿಂತು, "ಪರವಾಗಿಲ್ಲ, ಚಾವಣಿ ಎಲ್ಲಿದೆ ಅಂತ ಅದಕ್ಕಾದರೂ ಗೊತ್ತಲ್ಲ" ಅಂದರು. ಆಮೇಲೆ ನಾನೂ ಅಪ್ಪನೂ ಎಲ್ಲ ಬಿಚ್ಚಿ, ಡ್ರಮ್ಮುಗಳನ್ನ ಚಕ್ರದ ಅಚ್ಚಿನ ಮೇಲೆ ಬರೋ ಹಾಗೆ ಮುಂದಕ್ಕೆ ತಂದೆವು.

ವೈರಿಂಗ್ ಮಾತ್ರ ಪೂರ್ತಿ ನನ್ನದು ಅಕ್ಕ. ಸ್ವಿಚ್ಚು, ಫ್ಯೂಸು, ಬ್ಯಾಟರಿ ಸರಿಯಿದ್ದರೆ ಹಸಿರಾಗೋ ಒಂದು ಪುಟ್ಟ ಲೈಟು. ಕಣ್ಣು ಮುಚ್ಚಿಕೊಂಡು ಸ್ವಿಚ್ ಒತ್ತಿದೆ. ಹೊಗೆ ಬರಲಿಲ್ಲ. ಗುರ್ ಅಂತು, ನೀರು ಎದುರು ಮನೆ ಕಾಂಪೌಂಡ್ ದಾಟಿತು! ಅಪ್ಪ ಅವತ್ತು ಬೀದಿಯಲ್ಲಿ ಹೋಗಿಬರೋರನ್ನೆಲ್ಲ ನಿಲ್ಲಿಸಿ, "ಕರೆಂಟ್ ಕೆಲಸ ಪೂರಾ ನಮ್ಮ ಹಾಸ್ಟೆಲ್ಲುದು" ಅಂತ ತೋರಿಸಿದರು. ನಾನು ಬೇಡಪ್ಪ ಬೇಡಪ್ಪ ಅಂತ ಒಳಗೆ ಓಡಿದೆ. ಓಡಿ, ಕಿಟಕಿಯಿಂದ ಕೇಳಿಸಿಕೊಂಡೆ. ನಾನು ಕಾಲೇಜಿಗೆ ಸೇರಿದ್ದಕ್ಕೇ ಅಪ್ಪನಿಗೆ ಈ ಐಡಿಯಾ ಬಂದಿದ್ದು ಅಂದುಕೊಂಡಿದ್ದೆ.

ಒಂದೆರಡು ಸಣ್ಣ ಮನೆಗಳು ಚೆನ್ನಾಗಿಯೇ ಆದವು. ಆಮೇಲೆ ಬಟ್ಟೆ ಗೋದಾಮಿನ ಕೆಲಸ ಬಂತು. ಉದ್ದದ ಕಟ್ಟಡ, ಎತ್ತರದ ಹೆಂಚಿನ ಚಾವಣಿ. ಕೆಳಗಿನಿಂದ ಹೊಡೆದರೆ ನೀರು ಅರ್ಧದವರೆಗೆ ಹೋಗಿ ಸುಸ್ತಾಗಿ ವಾಪಸ್ ಬರ್ತಿತ್ತು. ಅಲ್ಲಿನ ಮ್ಯಾನೇಜರು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಮೇಲಿನ ಅರ್ಧ ಯಾರು ತೊಳೀತಾರ್ರೀ, ಮೋಡ ಬಂದು ತೊಳೆಯುತ್ತಾ?" ಅಂದ. ಮೂಟೆ ಇಳಿಸ್ತಾ ಇದ್ದ ಹಮಾಲರು ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು. "ನಮ್ಮಪ್ಪ ಬೆಕ್ಕಿನ ಥರ ಹತ್ತುತ್ತಾರೆ, ನೋಡ್ತಾ ಇರಿ" ಅಂದುಬಿಟ್ಟೆ.

ಅಪ್ಪ ನನ್ನ ಮುಖ ನೋಡಿದರು. ಏಣಿ ಒರಗಿಸಿದರು, ಪೈಪಿನ ತುದಿಯ ಸ್ಪ್ರೇ ಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದರು.

ಸೂರಿನ ಅಂಚಿಗೆ ಇನ್ನು ಸ್ವಲ್ಪ ಇದೆ ಅನ್ನುವಾಗ ನಿಂತರು. ಪೈಪು ಸರಿ ಮಾಡಿಕೊಳ್ತಿದ್ದಾರೆ ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಮೇಲಿಂದ, "ಪಂಪು ನಿಂತಿರಬೇಕು, ನೋಡು" ಅಂದರು.

"ಇಲ್ಲಪ್ಪ, ಓಡ್ತಿದೆ!"

"ಪೈಪು ಎಲ್ಲೋ ಸಿಕ್ಕಿಕೊಂಡಿದೆ."

"ಎಲ್ಲೂ ಇಲ್ಲ, ಫ್ರೀ ಇದೆ!"

"ಬ್ಯಾಟರಿ ಇಳಿದಿದೆ ಕಣೇ. ಸರಿಯಾಗಿ ನೋಡು."

"ಫುಲ್ ಇದೆ ಅಪ್ಪ! ಲೈಟು ಹಸಿರಿದೆ!"

ಅಕ್ಕ, ಅಷ್ಟು ಜೋರಾಗಿ, ಅಷ್ಟು ಖುಷಿಯಾಗಿ ಕೂಗಿದೆ ನಾನು. ಹಮಾಲರಿಗೂ ಕೇಳಲಿ, ಮ್ಯಾನೇಜರಿಗೂ ಕೇಳಲಿ ಅಂತ. ನನ್ನ ಪಂಪು ಕೆಟ್ಟಿದೆ ಅಂತ ಯಾರೂ ಅನ್ನಬಾರದು ಅನ್ನೋದು ಬಿಟ್ಟು ಬೇರೇನೂ ನನ್ನ ತಲೆಯಲ್ಲಿ ಇರಲಿಲ್ಲ. ಅಪ್ಪ ಕೇಳಿದ್ದು ಒಂದು ಸುಳ್ಳು ಅಷ್ಟೇ. ಇಳಿದು ಬರೋಕೆ ಒಂದು ನೆಪ. ಮತ್ತೆ ಮತ್ತೆ ಕೇಳಿದರು, ನಾನು ಮತ್ತೆ ಮತ್ತೆ ಕಿತ್ತುಕೊಂಡೆ.

ಮ್ಯಾನೇಜರು, "ಎಲ್ಲಾ ಸರಿಯಿದೆಯಂತಲ್ಲ ಯಜಮಾನ್ರೇ, ಕೆಟ್ಟಿರೋದು ನೀವೇ ಇರಬೇಕು" ಅಂದ. ಆಗ ಏಣಿ ಸಣ್ಣಗೆ ಟಕಟಕ ಅಂತ ಗೋಡೆಗೆ ಬಡಿಯೋ ಸದ್ದು ಕೇಳಿಸಿತು. ಗಾಳಿ ಇರಲಿಲ್ಲ. ಅಪ್ಪನ ಕಾಲು ನಡುಗ್ತಾ ಇತ್ತು.

ನಾನು ಹತ್ತಿದೆ. ಹೇಗೆ ಹತ್ತಿದೆನೋ. ಅಪ್ಪನ ಹಿಮ್ಮಡಿ ಹಿಡಿದು, "ಈ ಕಾಲು ಬಿಡಿ ಅಪ್ಪ, ಇಲ್ಲಿ ಇಡಿ, ಇನ್ನೊಂದು" ಅಂತ ಒಂದೊಂದೇ ಮೆಟ್ಟಿಲು ಇಳಿಸಿದೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ಕೆಳಗೆ ಬಂದ ಮೇಲೆ ಎಲ್ಲರೆದುರು ನನಗೆ ಚೆನ್ನಾಗಿ ಬೈದರು. ಬೈದದ್ದಕ್ಕೆ ನನಗೆ ಬೇಜಾರಿಲ್ಲ.

ನಾನು ವಾಪಸ್ ಹೊರಡೋ ಮುಂಚೆ ಪಕ್ಕದ ಮನೆ ಪೇಂಟರ್ ಮಾವನನ್ನ ಕೇಳಿದೆ. ಅವರು ಹೇಳಿದರು. ಹೋದ ವರ್ಷ ಒಂದು ಮನೆ ಚಾವಣಿ ಮೇಲೆ ಅಪ್ಪ ಜಾರಿ, ಸೂರು ಹಿಡಿದು ನೇತಾಡ್ತಿದ್ದರಂತೆ, ಮಾವನೇ ಎಳೆದುಕೊಂಡರಂತೆ. "ಆವತ್ತಿಂದ ನಿಮ್ಮಪ್ಪ ಬಲ್ಬ್ ಹಾಕೋಕೂ ಸ್ಟೂಲ್ ಹತ್ತಲ್ಲಮ್ಮ. ಬಂದ ಕೆಲಸವನ್ನೆಲ್ಲ ಸೊಂಟನೋವು ಅಂತ ವಾಪಸ್ ಕಳಿಸಿದ್ದು ಅದಕ್ಕೇ. ಅಮ್ಮನಿಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾರೆ." ಗಾಡಿ ಮಾಡಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಯಾರಿಗೂ ತಿಳಿಯದ ಹಾಗೆ ಕೆಲಸ ಉಳಿಸಿಕೊಳ್ಳೋಕೆ. ಅದನ್ನ ಕಟ್ಟೋಕೆ ಕೈಜೋಡಿಸಿದವಳೂ ನಾನೇ, ಅವರನ್ನ ಏಣಿ ಹತ್ತಿಸಿದವಳೂ ನಾನೇ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಗೋದಾಮಿನ ಮೇಲಿನ ಅರ್ಧ ಹಾಗೇ ಇದೆ. ಈ ತಿಂಗಳ ಕೊನೆಯ ಭಾನುವಾರ ಬಂದು ಮುಗಿಸ್ತೀನಿ ಅಂತ ಅಪ್ಪ ಒಪ್ಪಿಕೊಂಡಿದ್ದಾರೆ. ಒಬ್ಬರೇ. ಅಮ್ಮ ಫೋನಲ್ಲಿ ಸಂಭ್ರಮವಾಗಿ ಹೇಳಿದರು, ಹೊಸ ಶೂ ಬೇರೆ ತಂದಿದ್ದಾರಂತೆ, ಜಾರದೇ ಇರೋದು. ಅವರು ಚಾವಣಿ ತೊಳೆಯೋಕೆ ಹೋಗ್ತಿಲ್ಲ ಅಕ್ಕ, ನನ್ನ ಮುಂದೆ ಆಗಿದ್ದನ್ನ ತೊಳೆಯೋಕೆ ಹೋಗ್ತಿದ್ದಾರೆ.

ನೀನು ಹಿಂದಿನ ದಿನವೇ ಪಾಪುನ ಕರೆದುಕೊಂಡು ಮನೆಗೆ ಹೋಗು. ನಾನು ಬರೆದಿದ್ದು ಹೇಳಬೇಡ, ಹತ್ತಬೇಡಿ ಅಂತಲೂ ಹೇಳಬೇಡ. ಹೇಳಿದರೆ ಖಂಡಿತಾ ಹತ್ತುತ್ತಾರೆ. ಗಾಡಿ ನೋಡಿ ಮೂಗು ಮುರಿ. "ಇವಳ ವೈರಿಂಗ್ ನಂಬ್ತೀರಾ ಅಪ್ಪ? ಲ್ಯಾಬಲ್ಲೆಲ್ಲ ಸುಡ್ತಾಳಂತೆ, ಮುಟ್ಟಲೇಬೇಡ ಅಂದಿದ್ದಾರಂತೆ. ಔಷಧದ ಪಕ್ಕ ಬ್ಯಾಟರಿ ಇದೆ, ಗೊತ್ತಿರೋರು ಯಾರಾದರೂ ಪಂಪಿನ ಹತ್ತಿರವೇ ನಿಂತಿರಬೇಕು, ನೀವು ಬಿಟ್ಟರೆ ಯಾರಿದ್ದಾರೆ?" ಅನ್ನು. ಮೇಲೆ ಹತ್ತೋಕೆ ಪೇಂಟರ್ ಮಾವ ರೆಡಿ ಇದ್ದಾರೆ, ಅಪ್ಪ ಕರೀಬೇಕು ಅಷ್ಟೇ. ನನ್ನ ಪಂಪನ್ನ ಎಷ್ಟು ಬೇಕಾದರೂ ಬೈಯಿ. ಡಬ್ಬಾ ಅನ್ನು, ಆಟದ ಸಾಮಾನು ಅನ್ನು.

ಭಾವನಿಗೆ ನನ್ನ ನಮಸ್ಕಾರ, ಪಾಪುಗೆ ಎರಡೂ ಕೆನ್ನೆಗೆ ಮುತ್ತು. ನೀನು ಚೆನ್ನಾಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ತಲೆ ಮೇಲೆ ನಿನ್ನ ಕೈ ಇರಲಿ.

ಇಂತಿ ನಿನ್ನ ತಂಗಿ,
ಹಾಸ್ಟೆಲ್ಲು

ಮರೆತಿದ್ದು: ಮರೆತಿಲ್ಲ ಅಕ್ಕ, ಮೇಲೆ ಬರೆಯೋಕೆ ಆಗಲಿಲ್ಲ. ಇದನ್ನ ಭಾವನಿಗೂ ತೋರಿಸಬೇಡ, ಓದಿ ಹರಿದುಹಾಕು. ಅಪ್ಪನನ್ನ ಇಳಿಸುವಾಗ ನನ್ನ ಕೈಯೆಲ್ಲ ಬೆಚ್ಚಗಾಯಿತು. ಅಪ್ಪನ ಪ್ಯಾಂಟು ಒದ್ದೆಯಾಗಿತ್ತು. ಕೆಳಗೆ ಅಷ್ಟೂ ಜನ ನಿಂತಿದ್ದರು. ನೆಲ ಮುಟ್ಟಿದ ತಕ್ಷಣ ನಾನು ಅಪ್ಪನ ಸೊಂಟದಿಂದ ಗನ್ನು ಕಿತ್ತುಕೊಂಡು, ಕೈಜಾರಿದವಳ ಹಾಗೆ, ಅಪ್ಪನ ಮೇಲೇ ಹೊಡೆದೆ. ಬರೀ ನೀರಿನ ಡ್ರಮ್ಮಿನದು. ತಲೆಯಿಂದ ಕಾಲವರೆಗೆ ನೆನೆಸಿದೆ. ಹಮಾಲರು ಬಿದ್ದು ಬಿದ್ದು ನಕ್ಕರು, ಅಪ್ಪ "ಕತ್ತೆ! ಬುದ್ಧಿ ಇದೆಯೇನೇ ನಿಂಗೆ?" ಅಂತ ಕೂಗಿದರು. ಬೇಕಂತ ಮಾಡಿದ್ದು ಅಂತ ಅವರಿಗೆ ಗೊತ್ತಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಬಸ್ಸು ಹೊರಡೋವರೆಗೂ ಅವರು ನನ್ನ ಕಣ್ಣು ನೋಡಲಿಲ್ಲ. ನೀನು ಹೋದಾಗ ಒಂದು ವೇಳೆ ಅವರಾಗೇ ಆ ಮಾತು ತೆಗೆದು, "ನೋಡೇ, ನಿನ್ನ ತಂಗಿ ಪೈಪು ಹಿಡಿಯೋಕೆ ಬರದೆ ನನಗೆ ಸ್ನಾನ ಮಾಡಿಸಿದಳು" ಅಂತ ಹೇಳಿದರೆ, ಜೋರಾಗಿ ನಗು ಅಕ್ಕ. ಅವರು ನಿಲ್ಲಿಸೋವರೆಗೂ ನಗು.