ನೋಡಲಿಕ್ಕಿಟ್ಟ ದಂಟು

ಕೋಗಿಲು
೧೮ ಸೆಪ್ಟೆಂಬರ್ ೨೦೨೪

ಪ್ರೀತಿಯ ತಂಗಿ ಯಶೋಧಾಗೆ,

ನಿನ್ನಕ್ಕನ ಆಶೀರ್ವಾದಗಳು. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಗೋಡೆಗಿಂತ ಗಾಜೇ ಜಾಸ್ತಿ, ಎಲ್ಲರಿಗೂ ಕೇಳಿಸುತ್ತದೆ. ಮಂಡಿನೋವು ಹೇಗಿದೆ?

ಇಲ್ಲಿನ ವೈಭವ ಕೇಳು. ನನ್ನ ಸೊಸೆ ಮೋನಿಕಾ ಗೇಟಿನಿಂದ ಬಾಗಿಲವರೆಗೆ ಕುಂಡಗಳಲ್ಲಿ ದಂಟು ಬೆಳೆಸಿದ್ದಳು! ನಾವು ಬುಟ್ಟಿ ಹೊತ್ತು ಯಲಹಂಕದ ಬೀದಿಬೀದಿಯಲ್ಲಿ ಮಾರುತ್ತಿದ್ದೆವಲ್ಲ, ಅದರ ಜಾತಿಯೇ. ಮೇಲಿನ ಎಲೆ ಹಳದಿ, ನಡುವಿನದು ಕೆಂಪು, ಬುಡದಲ್ಲಿ ಹಸಿರು. ಅಷ್ಟಕ್ಕೇ ಅದಕ್ಕೆ ಜಂಬ. ತಿನ್ನುವುದಕ್ಕಲ್ಲವಂತೆ, ನೋಡುವುದಕ್ಕಂತೆ. ದಿನಾ ಬೆಳಿಗ್ಗೆ ಎಲೆ ಒರೆಸುವುದು ಬೇರೆ! ತೆನೆ ಬಂದರೆ ಅಂದ ಕೆಡುತ್ತದೆಂದು ಚಿವುಟಿ ಎಸೆಯುತ್ತಿದ್ದಳು. ಬೀಜಕ್ಕೇನು ಮಾಡುತ್ತೀ ಎಂದರೆ, "ಪ್ಯಾಕೆಟ್ ಸಿಗುತ್ತಲ್ಲಾ ಅತ್ತೆ" ಎಂದಳು. ಮಂಕುದಿಣ್ಣೆ.

ಹೋದ ಭಾನುವಾರ ನಿರಂಜನ ಕಟ್ಟಿಸುತ್ತಿರುವ ಫ್ಲ್ಯಾಟುಗಳನ್ನು ಕೊಳ್ಳುವವರು ಊಟಕ್ಕೆ ಬಂದಿದ್ದರು. ಕುಂಡಗಳ ಮುಂದೆ ಫೋಟೋ ತೆಗೆಸಿಕೊಂಡದ್ದೇ ತೆಗೆಸಿಕೊಂಡದ್ದು. ನನಗೆ ಸುಮ್ಮನಿರಲಾಗಲಿಲ್ಲ. "ಇದು ದಂಟಿನ್ ಸೊಪ್ಪು ಕಣಮ್ಮ, ಬಸ್ಸಾರ್ ಮಾಡುದ್ರೆ ಎಂಗಿರ್ತದೆ ಗೊತ್ತಾ?" ಎಂದೆ. ಒಬ್ಬಳು ಮೂಗು ಮುರಿದು, "ಯಾರಿವ್ರು?" ಎಂದಳು. "ಗಿಡ ನೋಡ್ಕೊಳ್ಳೋರು" ಎಂಬ ಉತ್ತರ ಬಂತು.

ಸೋಮವಾರ ಬೆಳಿಗ್ಗೆ ಒಂದನ್ನೂ ಬಿಡದೆ ಬೇರುಸಮೇತ ಕಿತ್ತೆ. ನಮಗೊಂದಿಷ್ಟು ಎತ್ತಿಟ್ಟು, ಮಿಕ್ಕದ್ದನ್ನು ಬಾಳೆನಾರಿನಲ್ಲಿ ಕಟ್ಟಿ, ನೀರು ಚಿಮುಕಿಸಿ, ಗೇಟಿನ ಮುಂದೆ ಗೋಣಿ ಹಾಸಿ ಕೂತೆ. "ದಂಟ್ ಸೊಪ್ಪೇ..." ಎಂದು ಕೂಗಿದೆ. ಗಂಟಲು ಇನ್ನೂ ಹಾಗೆಯೇ ಇದೆ ಕಣೇ! ನಿರಂಜನ ಹಲ್ಲುಜ್ಜುತ್ತಿದ್ದವನು ಬ್ರಷ್ ಸಮೇತ ಓಡಿಬಂದ. "ಏನಮ್ಮಾ ಇದು, ಜನ ನೋಡ್ತಾರೆ, ಎದ್ದೇಳು!"

"ಗಿಡ ನೋಡ್ಕೊಳ್ಳೋಳಲ್ವೇನಪ್ಪಾ ನಾನು? ನೋಡ್ಕೊಂಡೆ" ಎಂದೆ.

ಎದುರುಮನೆಯ ಐಮನ್ ಎರಡು ಕಟ್ಟು ಕೊಂಡು, ಚೌಕಾಸಿಯನ್ನೂ ಮಾಡಿದಳು. ಅವಳೊಬ್ಬಳೇ ಈ ಬೀದಿಯಲ್ಲಿ ಮನುಷ್ಯಳು.

ಮಂಡಿಗೆ ಎಳ್ಳೆಣ್ಣೆ ಹಚ್ಚುವುದು ಮರೆಯಬೇಡ. ನಿನ್ನ ಮಕ್ಕಳು ಮೊಮ್ಮಕ್ಕಳೆಲ್ಲ ತಣ್ಣಗಿರಲಿ.

ಇತಿ ನಿನ್ನ ಅಕ್ಕ,
ಗೌರಮ್ಮ

ತಾ.ಕ.: ಇದನ್ನೋದಿ ಮೋನಿಕಾಳನ್ನು ಬೈಯಬೇಡ. ಅವಳು ಪೆದ್ದಿಯೇ ಸರಿ, ಆದರೆ ಅವತ್ತು "ಇವ್ರು ನಮ್ಮತ್ತೆ" ಎಂದು ಎಲ್ಲರೆದುರು ಬಂದು ನನ್ನ ಪಕ್ಕ ನಿಂತವಳು ಅವಳೇ. ಕಿತ್ತ ಗಿಡದ ಬಸ್ಸಾರು ಬಡಿಸಿದರೆ ಅಳುತ್ತಲೇ ಉಂಡಳು. ಗಿಡ ನೋಡಿಕೊಳ್ಳುವವಳು ಎಂದದ್ದು ನಿರಂಜನ, ಸೊಪ್ಪಿನ ಬುಟ್ಟಿಯ ಪಕ್ಕ ನನ್ನ ಸೆರಗಿನ ನೆರಳಲ್ಲಿ ಮಲಗಿ ಬೆಳೆದ ಮಗ. ಅವಳ ಗಿಡವನ್ನೇನೋ ಕಿತ್ತೆ. ಇವನನ್ನೇನು ಮಾಡಲಿ, ಯಶೋಧಾ?